ಕಾಜ

ಕೌಲ್ ಬಜಾರಿನ ಶೆಡ್ಡಿನಾಗ ನಂದು ಕಾಜದ ಮಿಷನ್ನು.
ದಿನಕ್ಕ ಆರುನೂರು ಜೀನ್ಸು, ಒಂದಕ್ಕೊಂದು ಕಾಜ.
ಗುಂಡಿ ಬಡಿಯೋಳು ಶಮೀಮ, ಆ ಕಡಿ ಗ್ವಾಡಿಗೆ.

ಗ್ರಹಣದ ದಿನ ಕತ್ತರಿ ಹಿಡಿದಳು ಅಂತ ಅತ್ತಿ.
ಹಿಡಿದಿದ್ದೆ ಖರೆ. ಲೋಡು ಹೋಗೋದಿತ್ತು.
ಗಾದಿಲಿಂಗ ಹುಟ್ಟಿದಾಗ
ಉಚ್ಚಿ ತುದಿಯಿಂದ ಬರಲಿಲ್ಲ, ಕೆಳಗಿಂದ ಬಂತು,
ಹೊಲಿಗಿ ಅರ್ಧಕ್ಕ ಬಿಟ್ಟಂಗ.

ದೊಡ್ಡಾಸ್ಪತ್ರಿ ಡಾಕ್ಟರಮ್ಮ ಚೀಟಿ ಹಿಂದ
ಒಂದು ದುಂಡು ಬರದಳು, ಒಂದು ಸೀಳು.
"ಹಾರ್ಮೋನು ರಕ್ತದಾಗ ಬೇಕಾದಷ್ಟು ಐತಿ.
ಅದನ್ನ ಹಿಡಕೊಳ್ಳೋ ರಿಸೆಪ್ಟರು ಸರಿ ಇಲ್ಲ.
ಎಲ್ಲಾ ಕೂಸಿಗೂ ಇದೇ ಕಾರಣ ಅಂತಲ್ಲ,
ನಿನ್ನ ಕೂಸಿಗೆ ಇದು."
ಮತ್ತ ಬಿಡಿಸಿ ಹೇಳಾಕ ಹೊಂಟಳು.
ಸಾಕ್ರೀ, ತಿಳೀತು ಅಂದೆ.
ಗುಂಡಿ ಚಲೋ ಐತಿ, ಕಾಜ ಹಿಡೀವಲ್ದು.
ಇಂಥವು ದಿನಾ ನಾಕು ವಾಪಸ್ ಬರತಾವ,
ಮಾಲಕ ಶಮೀಮನ್ನ ಬೈತಾನ.

ಬಸಿರಿನ ಮೂರು ನಾಕನೇ ತಿಂಗಳಿಗೇ
ಆ ಹೊಲಿಗಿ ಮುಗಿದು ಹೋಗತೈತಂತ ಒಳಗ.
ಶೇರ್ ಆಟೋದಾಗ ಬೆರಳು ಮಡಚಿ ಎಣಿಸಿದೆ.
ಗ್ರಹಣ ಬಂದದ್ದು ಏಳರಾಗ.
ಮತ್ತೊಮ್ಮೆ ಎಣಿಸಿದೆ. ಏಳೇ.

ವರ್ಷ ತುಂಬಲಿ, ಹೊಲದು ಕೊಡತೀವಿ ಅಂದಾರ.
ಎಂಥ ದಾರ ಅಂತ ಕೇಳಿದ್ದೆ, ನಕ್ಕಳು:
ತಾನೇ ಕರಗೋದಂತ.

ಮೋತಿ ಸರ್ಕಲ್ ದಾಟೂದ್ರಾಗ ಕೂಸು ತೊಡಿ ಮ್ಯಾಲೆ ಹೊಯ್ಕೊಂತು.
ಪಕ್ಕದ ಮುದುಕ ಸರದು ಕುಂತ.
ನೀಲಿ ಹತ್ತಿದ ಬೆರಳಿಲೆ ಸೀರಿ ಹಿಂಡಿದೆ.
ಕತ್ತರಿ ಚೀಲದಾಗ ಇತ್ತು.
ಅತ್ತಿಗೆ ಇನ್ನಾ ಹೇಳಿಲ್ಲ.