ಎರಡು ಗುಲಗಂಜಿ

ಚಾತು ಮಣಿಯಾಣಿ ನನ್ನ ಕಟ್ಟೆ ಹತ್ತಿ ಕೇಳಿದ್ದು
ಚಿನ್ನವನ್ನಲ್ಲ, ತಕ್ಕಡಿಯನ್ನು.
ಪಟ್ಟಾಳದಲ್ಲಿ ಕೋವಿ ರಿಪೇರಿ ಮಾಡುತ್ತಲೇ ಮುದುಕನಾದವ,
ಬಲಗಣ್ಣಿಗೆ ಈಗ ಪೊರೆ.
'ಆಚಾರ್ರೇ, ಮೊಮ್ಮಗಳು ಸುಗಂಧಿ
ಮುನ್ನೂರು ಮೀಟರಿಗೆ ಹೊಡೀತಾಳೆ.
ಅಂಗಡಿಯ ತೋಟೆ ಒಂದೊಂದೂ ಒಂದೊಂದು ಮಾತಾಡ್ತದೆ.
ನಾವೇ ತುಂಬಿಸ್ಬೇಕು. ಕಾಗದಪತ್ರ ಎಲ್ಲ ಉಂಟು.
ತೂಕ ಮಾತ್ರ ನಿಮ್ಮದು.'

ಬದಿಯಡ್ಕ ಪೇಟೆಗೆ ಮೂರು ಮಾಳಿಗೆಯ ಜ್ಯುವೆಲ್ಲರಿ ಬಂದ ಮೇಲೆ
ನನ್ನ ತ್ರಾಸಿನ ಗಾಜಿನ ಗೂಡಿನಲ್ಲಿ
ಜೇಡ ಸಂಸಾರ ಹೂಡಿತ್ತು.
ಒರೆಸಿದೆ. ತಟ್ಟೆ ಎರಡೂ ಸಮಕ್ಕೆ ಬರಲು
ಒಂದಿಡೀ ಮಧ್ಯಾಹ್ನ ಹಿಡಿಯಿತು.

'ಮಣಿಯಾಣಿ ಮದ್ದು ತಂದಿದ್ದಾರೆ' ಎಂದೆ.
'ಯಾರಿಗೆ ಹುಷಾರಿಲ್ಲ?' ಎಂದಳು ಒಳಗಿಂದ ಹೆಂಡತಿ.

ಮೊದಲು ಹಿತ್ತಾಳೆಯ ಕೆಲಸ.
ಮದ್ದಿನ ಡಬ್ಬಿ ಆಚೆ ಕೋಣೆಯಲ್ಲಿ, ಬಾಗಿಲು ಹಾಕಿ.
ಹೊಡೆದ ತೋಟೆಯ ಕೊರಳು ಗಡುಸಾಗಿರುತ್ತದೆ,
ದಿನವೂ ಬೈಸಿಕೊಂಡ ಹುಡುಗನ ಹಾಗೆ;
ಗುಂಡನ್ನು ಒಂದು ಸಲ ಬಿಗಿ ಹಿಡಿಯುತ್ತದೆ, ಒಂದು ಸಲ ಸಡಿಲ.
ಊದುಗೊಳವೆಯ ನೀಲಿ ನಾಲಿಗೆಗೆ ಒಡ್ಡಿ ತಿರುಗಿಸಿದೆ,
ಬಣ್ಣ ಏರಿತು, ತೆಗೆದೆ.
ಐವತ್ತು ವರ್ಷ ಮದುಮಗಳಂದಿರ ಕೊರಳಿಗೆ
ಅಳತೆಯ ನೂಲು ಹಿಡಿದ ಬೆರಳು,
ಈ ಕೊರಳಿಗೂ ನಾಚಲಿಲ್ಲ.

ಮರುದಿನ ತೂಕ.
ಫ್ಯಾನು ಆರಿಸಿದೆ. ಕಿಟಕಿ ಮುಚ್ಚಿದೆ.
ಮಣಿಯಾಣಿಯ ಲೆಕ್ಕ ಗ್ರೇನಿನಲ್ಲಿ, ನನ್ನದು ಗುಲಗಂಜಿಯಲ್ಲಿ.
'ನಿಮ್ಮ ಒಂದು ಗುಲಗಂಜಿಗೆ
ನಮ್ಮದು ಎರಡಕ್ಕೆ ತುಸು ಕಮ್ಮಿ' ಎಂದ.
ನಾನು ತೂಗಿದೆ, ಅವ ತುಂಬಿಸಿ ಗುಂಡು ಕೂರಿಸಿದ.
ಐದೈದು ತೋಟೆಯ ಒಂದೊಂದು ಪಂಗಡ,
ಪಂಗಡಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ.
ಯಾವುದಕ್ಕೆ ಕೋವಿ ಒಲಿಯುತ್ತದೋ ಅದೇ ಸರಿ;
ಶಾಸ್ತ್ರ ಇಲ್ಲಿವರೆಗೆ, ಮುಂದಿನದು ಕೋವಿಯ ಮರ್ಜಿ.
ಬರೆಯಲು ಬೇರೆ ಪುಸ್ತಕ ಎಲ್ಲಿ?
ನನ್ನ ಹಳೆಯ ಉದ್ರಿ ಪುಸ್ತಕದಲ್ಲಿ
ಖಾಲಿ ಉಳಿದ ಎಡಬದಿಗಳು.

ಕೊನೆಯ ಪಂಗಡ ಬರೆಯುವಾಗ ಬಲಬದಿಯಲ್ಲಿ ಅವಳಿದ್ದಳು:
ಪೂವಮ್ಮ, ಕುಂಬಳೆ. ಕರಿಮಣಿ. ಮೂರು ಪವನು.
ಸವಕಳಿ ಎಂದು ಬರೆದು
ನಾನು ಒಳಗೆ ಹಾಕಿಕೊಂಡ ಎರಡು ಗುಲಗಂಜಿ.
ಎಂಬತ್ತಮೂರನೇ ಇಸವಿ, ಮಗನಿಗೆ ಜ್ವರ
(ಜ್ವರ ಇತ್ತು ಎಂದು ಈಗ ನೆನಪು, ಆಣೆ ಹಾಕಲಾರೆ).
ಕೈ ಒಂದು ಸಲ ನಡುಗಿತು.
ತಟ್ಟೆ ನಿಲ್ಲುವ ಮೊದಲೇ ಸುರಿದುಕೊಟ್ಟೆ.

ಪದವಿನ ಮೇಲೆ ಬೆಳಗಿನ ಏಳು ಗಂಟೆ.
ಮುಳಿಹುಲ್ಲು ಕಡಲ ಕಡೆಯಿಂದ ಬಾಗುತ್ತಿತ್ತು.
ಕಪ್ಪುಗಲ್ಲ, ಕೆಂಪುಕಲ್ಲಿನ ಕೋರೆಯ ಗೋಡೆಗೆ
ಗುರಿಯ ಕಾಗದ ಒರಗಿಸಿ ಬಂದರು.
ಸುಗಂಧಿ ಕಮಚಿ ಮಲಗಿದಳು, ಕೆನ್ನೆ ಮರಕ್ಕೆ.
ಸದ್ದು ಹೋಗಿ ಕಲ್ಲಿಗೆ ತಾಗಿ
ಹಳೆಯ ಸಾಲಗಾರನಂತೆ ನಿಧಾನಕ್ಕೆ ಮರಳಿತು.

ಕೊನೆಯ ಪಂಗಡ:
ನಾಲ್ಕು ತೂತು ಒಂದು ಎಳೆಗೂಸಿನ ಬಳೆಯೊಳಗೆ.
ಐದನೆಯದು ಮೂರು ಬೆರಳು ಆಚೆ, ಒಂಟಿ.

'ಗಾಳಿ' ಎಂದ ಮಣಿಯಾಣಿ.
'ಗಾಳಿಯಲ್ಲ ಅಜ್ಜ. ನನ್ನ ಉಸಿರೂ ಅಲ್ಲ.'

ಪೂವಮ್ಮ ಅದನ್ನು ಕಣ್ಣಿಗೊತ್ತಿ ಕಟ್ಟಿಸಿಕೊಂಡಿರಬೇಕು,
ಮಕ್ಕಳು ಅದನ್ನು ಹಿಡಿದೆಳೆದು ಹಾಲು ಕುಡಿದಿರಬೇಕು.
ಇಷ್ಟು ವರ್ಷ ಅದು ಒಂದು ಮಾತೂ ಆಡಲಿಲ್ಲ.
ಚಿನ್ನ ಹಾಗೆಯೇ, ಬಾಯಿ ಬಿಡುವುದಿಲ್ಲ.
ಮುನ್ನೂರು ಮೀಟರು ಆಚೆಯ ಕಾಗದ ಬಿಟ್ಟಿತು.

'ನನ್ನದು' ಎಂದೆ.
'ಯಾಕೆ, ಫ್ಯಾನು ಹಾಕಿದ್ರಾ?'
'ಎರಡು ಗುಲಗಂಜಿ.'
ಮಣಿಯಾಣಿ ನಕ್ಕುಬಿಟ್ಟ:
'ಅಷ್ಟು ತಪ್ಪಿದ್ರೆ ಕಾಗದಕ್ಕೇ ತಾಗ್ತಿರ್ಲಿಲ್ಲ, ಆಚಾರ್ರೇ!'

ಹುಡುಗಿ ಹುಲ್ಲಲ್ಲಿ ತಡಕಿ ತೋಟೆ ಹೆಕ್ಕಿದಳು,
ಒಂದನ್ನು ನನ್ನ ಅಂಗೈಗೆ ಹಾಕಿದಳು.
ಬಿಸಿ ಇತ್ತು ಇನ್ನೂ.
'ಈ ಕೊರಳನ್ನು ಪುನಃ ಮೆತ್ತಗೆ ಮಾಡ್ಬೇಕು' ಎಂದಳು.