ಷರಾ

ಹೆಸರು ಬರೀಬ್ಯಾಡ್ರಿ, ಅಂದೆ.
ಮೂವತ್ತೊಂದು ಪೆನ್ಸಿಲ್ಲು ಗಾಳಿಯಲ್ಲೇ ನಿಂತವು.
ವಡಗೇರಾ ದಾಟಿ ಭೀಮೆಯ ಕಡೆ ಹೊರಳುವ ದಾರಿಯ
ಕೊನೆಯ ಶಾಲೆ. ಏಳನೇ ತರಗತಿ.
ಶಹಾಬಾದಿ ಫರಸಿಯ ಮೇಲೆ ಪಂಕ್ತಿಗೆ ಕೂತಂತೆ ಕೂತ ಮಕ್ಕಳು.
ತಪ್ಪಿಲ್ಲದೆ ಬರೆಯಲು ಬರುವುದು ಅದೊಂದೇ,
ಅದನ್ನೇ ಬ್ಯಾಡ ಅಂದರೆ?
ಹಯ್ಯಾಳಪ್ಪ ಕೇಳಲಿಲ್ಲ. ನಾಲ್ಕೂ ಮೂಲೆಗೆ
ಹಯ್ಯಾಳಪ್ಪ, ಹಯ್ಯಾಳಪ್ಪ,
ಹೊಲಕ್ಕೆ ಬಾಂದುಗಲ್ಲು ನೆಟ್ಟ ಹಾಗೆ.

ಹಾಳೆಯ ನೆತ್ತಿಯ ಮೇಲೆ ಅಚ್ಚಾದದ್ದು:
ಶಾಲಾ ವಾತಾವರಣ ಸಮೀಕ್ಷೆ.
"ವಾತಾವರಣ ಅಂದ್ರ ಬಿಸಿಲೇನ್ರಿ?" ತಸ್ಲೀಮಾ ಕೇಳಿದಳು.
ಮಾರ್ಚ್ ತಿಂಗಳು. ಹತ್ತಕ್ಕೇ ತಗಡು ಚಟಚಟ ಅನ್ನುತ್ತಿತ್ತು.
ಹೌದವ್ವ, ಒಂದು ನಮೂನಿ ಬಿಸಿಲೇ, ಅಂದೆ,
ಒಳಗಿಂದು.
ತರಬೇತಿಯಲ್ಲಿ ಹೀಗೆ ಹೇಳೆಂದು ಹೇಳಿರಲಿಲ್ಲ.

ಯಾವಾಗಲೂ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ.
ಪ್ರಶ್ನೆ ಮೂವತ್ತೆರಡು. ಒಂದೊಂದಕ್ಕೆ ನಾಲ್ಕು ಸೊನ್ನೆ,
ಒಂದನ್ನು ಕಪ್ಪು ಮಾಡಬೇಕು.
ಹೆಡ್‌ಮಾಸ್ತರು ಬೆನ್ನ ಹಿಂದೆ ಕೈಕಟ್ಟಿ ಸಾಲಿನ ನಡುವೆ ನಡೆದರು.
ಅವರು ಹಾದಲ್ಲೆಲ್ಲ ಯಾವಾಗಲೂ, ಯಾವಾಗಲೂ,
ಕೂರಿಗೆಯ ಹಿಂದೆ ಕಾಳು ಬಿದ್ದ ಹಾಗೆ ಸಮಸಮ.
"ಸರ್, ಜರಾ ಹೊರಗ. ನಿಯಮ ಅದ."
"ಅದಕ್ಕೇನ್ರಿ ಮೇಡಂ," ನಕ್ಕು ಹೋದರು.
ಕೆಟ್ಟವರಲ್ಲ. ಆ ಫ್ಯಾನು ಅವರ ಸ್ವಂತ ಪಗಾರದ್ದು.
ಹೋಗಿ ಕಿಟಕಿಯಾಚೆ ನಿಂತರು.
ನೆರಳು ಮಾತ್ರ ಒಳಗೇ ಉಳಿಯಿತು, ಮೊದಲ ಸಾಲಿನ ಮೇಲೆ.
ಅದು ಮುಟ್ಟದ ಹಿಂದಿನ ಸಾಲಿನಲ್ಲಿ
ಯಾರೋ ಮೊದಲ ಸಲ ರಬ್ಬರು ಕೇಳಿದರು.

ಸಂಜೆ ಯಾದಗಿರಿ ಬಸ್ಸಿನಲ್ಲಿ ಎಣಿಸಿದೆ.
ಒಂದು ಹಾಳೆ ಹರಿದಿತ್ತು, ಹತ್ತೊಂಬತ್ತನೆಯ ಪ್ರಶ್ನೆಯ ಜಾಗದಲ್ಲಿ:
ಇಲ್ಲಿ ನನ್ನನ್ನು ಉಳಿದವರ ಹಾಗೆಯೇ ಕಾಣುತ್ತಾರೆ.
ಎಂದೂ ಇಲ್ಲ ಅಂತ ತುಂಬಿ, ಉಗುಳು ಹಚ್ಚಿ ಒರೆಸಿ,
ಯಾವಾಗಲೂ ಅಂತ ತುಂಬಿ, ಅದನ್ನೂ ಒರೆಸಿ,
ಮತ್ತೆ, ಮತ್ತೆ,
ಕಡೆಗೆ ಕಾಗದವೇ ಸೋತು ಬಿಟ್ಟುಕೊಟ್ಟ ತೂತು,
ಕಿರುಬೆರಳು ಹಾಯುವಷ್ಟು.
ಯಾರದು? ಹೆಸರಿಲ್ಲ. ಬರೀಬ್ಯಾಡ್ರಿ ಅಂದವಳು ನಾನೇ.
ಅಕ್ಷರ ನೋಡಿ ಹುಡುಕೋಣವೆಂದರೆ
ಸೊನ್ನೆಗಳಿಗೆ ಕೈಬರಹವಿಲ್ಲ.

ಆಗ ನೆನಪಾಯಿತು, ಹೊರಡುವಾಗ ನೀರು ಕೇಳಿದ್ದೆ.
ಟಾಕಿಯ ಮೇಲೆ ಬೋರಲು ಹಾಕಿದ ನಾಲ್ಕು ಸ್ಟೀಲಿನ ಲೋಟ.
ಇನ್ನೊಂದು ಆಚೆ, ಕಿಟಕಿಯ ಸಳಿಗೆ ಸುತಳಿಯಿಂದ ಕಟ್ಟಿದ್ದು,
ಪ್ಲಾಸ್ಟಿಕ್ಕಿನದು, ಹಸಿರು.
ಹತ್ತಿರದ್ದೆಂದು ಅದಕ್ಕೇ ಕೈ ಚಾಚಿದೆ.
"ಅದು ಬ್ಯಾಡ್ರಿ ಮೇಡಂ!" ಮೂರು ನಾಲ್ಕು ಮಕ್ಕಳು ಒಟ್ಟಿಗೆ,
ಎಷ್ಟು ಅಕ್ಕರೆಯಿಂದ.
ಸ್ಟೀಲಿನದು ತೊಳೆದು ತುಂಬಿ ಕೊಟ್ಟರು.
ಕುಡಿದೆ. ತಣ್ಣಗಿತ್ತು.

ಕಂಪ್ಯೂಟರು ಒಂದರಿಂದ ನಾಲ್ಕರ ತನಕ ಅಷ್ಟೇ ತಗೊಳ್ಳುತ್ತದೆ.
ತೂತಿಗೆ ಅಂಕಿಯಿಲ್ಲ. ಹಾಳೆ ಅಸಿಂಧು, ಅಂತ ಕೆಂಪಗೆ ಬಂತು.
ಉಳಿದ ಮೂವತ್ತರ ಸರಾಸರಿ ಮೂರು ಪಾಯಿಂಟ್ ಆರು.
ಉತ್ತಮ.
ಜಿಲ್ಲೆಯ ನಕಾಶೆಯಲ್ಲಿ ಆ ಊರು ಹಸಿರಾಯಿತು,
ಅದೇ ಹಸಿರು.

ಕಟ್ಟಕಡೆಗೆ ಒಂದು ಕಾಲಂ ಇರುತ್ತದೆ: ಷರಾ.
ಯಾರೂ ತುಂಬುವುದಿಲ್ಲ, ಹನ್ನೊಂದು ವರ್ಷದಲ್ಲಿ ನಾನೂ ತುಂಬಿದವಳಲ್ಲ.
ಬರೆದೆ: ಸಳಿಗೆ ಕಟ್ಟಿದ ಲೋಟ, ಒಂದು.

ಮೂರನೆಯ ದಿನ ಕಚೇರಿಯಿಂದ ಫೋನು.
"ಷರಾದಾಗ ಇದೇನ್ ಬರ್ದೀರಿ ಮೇಡಂ? ಲೋಟ ಅಂದ್ರ?
ಯಾವ ಸೂಚ್ಯಂಕದಾಗ ಬರ್ತದ ಇದು?"
"ನೀರು ಕುಡಿಯೋದ್ರಿ ಸರ್."
ಆ ಕಡೆ ಭಾಳ ಹೊತ್ತು ಫ್ಯಾನು ತಿರುಗುವ ಸದ್ದು.
ಆಮೇಲೆ, ಬಾಗಿಲು ಮುಂದೆ ಮಾಡಿಕೊಂಡವರ ದನಿಯಲ್ಲಿ:
"ಎಲ್ಲಿ ಕಟ್ಟ್ಯಾರ್ರಿ, ಒಳಗೇನು, ಹೊರಗೇನು?"