ಸುಮಿಗೋನ್ ತುಳಿದ ಊರು

ಸಪ್ಪೊರೊದ ಹಳೆ ಟಾಕೀಸಿನಲ್ಲಿ ರಾತ್ರಿ ಒಂಬತ್ತೂವರೆ ಆಟ.
ಹೊರಗೆ ಹಿಮ. ಒಳಗೆ ಹೀಟರು ಹಲ್ಲು ಕಡಿಯುತ್ತಿದೆ.
ಇಪ್ಪತ್ತು ಜನ ಹುಡುಗ ಹುಡುಗಿಯರು, ಅಂಗಿಯ ಮೇಲೆ
ಅದರದೇ ಚಿತ್ರ.
ನಡುವೆ ಮಫ್ಲರು ಬಿಚ್ಚದೆ ಕೂತ ನಾನು, ಮಿತ್ಸುಗು,
ಕ್ಷೌರದಂಗಡಿ ಮುಚ್ಚಿ ಎರಡು ವರ್ಷ,
ಬೆರಳು ಮಾತ್ರ ಇನ್ನೂ ಕತ್ತಲಲ್ಲಿ ಗಾಳಿ ಕತ್ತರಿಸುತ್ತವೆ.

ಐವತ್ತೇಳು ವರ್ಷದ ಮೇಲೆ ನೋಡುತ್ತಿದ್ದೇನೆ.

ನನ್ನ ನೆನಪಿನಲ್ಲಿ ಅದು ಬೆಂಕಿ ಉಗುಳುತ್ತಿತ್ತು.
ಶಾಲೆಯ ಹಾದಿಯಲ್ಲಿ ನಾವೆಲ್ಲ ಸುಮಿಗೋನ್ ಆಗಿ
ಭುಜ ಕುಗ್ಗಿಸಿ, ಬೆರಳು ಕೊಕ್ಕೆ ಮಾಡಿ
ಹೆಂಚಿಗೂ ನಾಯಿಗೂ ಯಾಸುಕೊಳ ಜಡೆಗೂ
ಬೆಂಕಿ ಹಚ್ಚಿದವರು.
ಬೆಂಕಿಯೇ ಇಲ್ಲ ಇಲ್ಲಿ.
ಬಾಯಿ ತೆರೆದರೆ ಪುಡಿ, ಬರೀ ಕರಿ ಪುಡಿ.
ಬೆನ್ನಿನ ಜಿಪ್ಪು ಕಾಣಿಸಿತು, ಅದಕ್ಕೇ ಕಾದಿದ್ದವರ ಹಾಗೆ
ಹುಡುಗರ ಚಪ್ಪಾಳೆ.
ಬಲಗಣ್ಣು ಎಡಗಣ್ಣಿಗಿಂತ ತಡವಾಗಿ ಮಿಟುಕುತ್ತದೆ,
ರಾತ್ರಿ ಪಾಳಿ ಮುಗಿಸಿ ಬಂದವರ ಹಾಗೆ.

ಮೂರನೇ ಗಣಿಯ ಬಾಯಿಂದ ಅದು ಎದ್ದು ಬಂದದ್ದು.
ನಮ್ಮೂರ ಗಣಿ. ಅಪ್ಪ ದಿನಾ ಇಳಿಯುತ್ತಿದ್ದದ್ದು ಅದಕ್ಕೇ.
ಆಟ ಬಿಟ್ಟ ರಾತ್ರಿ ತೋಳಿಗೆ ಜೋತುಬಿದ್ದು ಅತ್ತಿದ್ದೆ,
ನಾಳೆ ಹೋಗಬೇಡ ಅಂತ.
ಅಪ್ಪ ನಕ್ಕ: ಅಷ್ಟು ದೊಡ್ಡದು ಒಳಗಿದ್ದರೆ
ಕಂಪನಿಯವನು ಬಾಡಿಗೆ ಕೇಳದೆ ಬಿಡುತ್ತಿದ್ದನೇನೋ?
ನಗು ಕೆಮ್ಮಾಯಿತು.
ಕೆಮ್ಮು ಮನೆ ಬಾಗಿಲ ತನಕ ನಮ್ಮ ಜೊತೆಗೇ ನಡೆಯಿತು.

ಈಗ ಕಿವಿಗೊಟ್ಟು ಕೇಳುತ್ತೇನೆ ಆ ಘರ್ಜನೆ:
ಎರಡು ಗಿಡ್ಡ, ಒಂದು ಉದ್ದ,
ಆಮೇಲೆ ಬಾವಿಯಿಂದ ಸೇದಿದ ಹಾಗೆ ಒಂದು ಉಸಿರು.
ಗಣಿಯವರ ಸ್ನಾನದ ಮನೆಯಲ್ಲಿ, ಹಬೆಯ ಆಚೆಯಿಂದ,
ಇದನ್ನೇ ಅಲ್ಲವೆ ದಿನಾ ಕೇಳುತ್ತಿದ್ದದ್ದು.
ಯಾರು ಟೇಪು ಮಾಡಿಕೊಂಡು ಹೋದರೋ.
ಯಾರದೋ.

ಆಮೇಲೆ ಊರು.

ಆ ಬೇಸಿಗೆ ಟೋಕಿಯೊದಿಂದ ಬಂದವರು
ಬೀದಿ ಬೀದಿ ಅಳೆದು ಫೋಟೊ ಹಿಡಿದಿದ್ದರು.
ತೋಮೆ ಅಜ್ಜಿಯ ತೋಫು ಅಂಗಡಿಗೂ ಬಂದ ಒಬ್ಬ,
ಕಿವಿಯ ಹಿಂದೆ ಪೆನ್ಸಿಲು.
ಕೆಡವುತ್ತೀಯಾ ಇದನ್ನು?
ಹೌದಮ್ಮ, ತಪ್ಪು ತಿಳಿಯಬೇಡಿ, ಇಷ್ಟೆತ್ತರದ್ದನ್ನು ಮಾತ್ರ,
ಮೊಣಕಾಲು ಮುಟ್ಟಿ ತೋರಿಸಿದ.
ಹಾಗಾದರೆ ಬೋರ್ಡು ನೆಟ್ಟಗೆ ಮಾಡಪ್ಪ, ಅಂದಳು ಅಜ್ಜಿ,
ಭೂಕಂಪದ ವರ್ಷದಿಂದ ಓರೆಯಾಗಿದೆ,
ಸಾಯುವ ದಿನವಾದರೂ ಲಕ್ಷಣವಾಗಿ ಕಾಣಲಿ.
ಎರಡು ತುಂಡು ತೋಫು ಕಟ್ಟಿಕೊಟ್ಟಳು. ಕಾಸು ತಗೊಳ್ಳಲಿಲ್ಲ.

ಪರದೆಯ ಮೇಲೆ ಬೋರ್ಡು ನೆಟ್ಟಗಿದೆ.
ಸ್ನಾನದ ಮನೆಯ ಚಿಮಣಿ, ಕ್ವಾರ್ಟರ್ಸಿನ ಮೆಟ್ಟಿಲು,
ಒಣಹಾಕಿದ ಬಟ್ಟೆ ಕೂಡ, ಬೆರಳುಗುರಿನಷ್ಟು ಬಟ್ಟೆ.
ಶಾಲೆಯ ಮಾಡಿನ ಮೇಲೆ, ಬೆಕ್ಕಿನ ಗಾತ್ರದ್ದು,
ಒಂದು ನೊಣ.
ನಿಜವಾದ ನೊಣ. ದೀಪಗಳ ಶಾಖಕ್ಕೆ ಬಂದಿರಬೇಕು.
ಆ ವರ್ಷದ ಬಿಸಿಲಲ್ಲಿ ಹುಟ್ಟಿದ್ದು,
ಮುಂಗಾಲು ಉಜ್ಜಿಕೊಳ್ಳುತ್ತ ಕೂತಿದೆ,
ಎಷ್ಟೋ ಕೆಲಸ ಬಾಕಿ ಇರುವ ಹಾಗೆ.

ಆಪರೇಟರೇ, ನಿಲ್ಲಿಸಿ, ಅನ್ನಬೇಕೆನಿಸಿತು.

ಕಾಲು ಬಂತು. ನೊಣ ಹಾರಿತು.
ಮೂರು ನಿಮಿಷ, ಅಷ್ಟೇ, ಎಲ್ಲ ಪುಡಿ ಪುಡಿ.
ತೋಫು ಅಂಗಡಿಯ ಗೋಡೆ ಬಿದ್ದಾಗ ಕಂಡಿತು:
ಒಳಗೆ ಕಡಾಯಿ ಇಲ್ಲ, ನೀರಿಲ್ಲ, ಹಬೆ ಇಲ್ಲ,
ಪ್ಲೈವುಡ್ಡಿನ ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಗೀಟು.

ಊರು ನಿಜವಾಗಿ ಹೋದದ್ದು ಯಾರೂ ತುಳಿಯದೆ.
ಗೇಟಿಗೆ ಒಂದು ನೋಟೀಸು,
ಆಮೇಲೆ ಹಾಸಿಗೆ ಹೇರಿದ ಲಾರಿಗಳು, ಒಂದಾದ ಮೇಲೊಂದು.
ಈಗ ಅಲ್ಲಿ ಎದೆಯೆತ್ತರ ಬಿದಿರುಹುಲ್ಲು, ನರಿ.
ಓರೆ ಬೋರ್ಡು ಎಲ್ಲಿ ಹೋಯಿತೋ, ಕೇಳಲು ಯಾರಿದ್ದಾರೆ.

ದೀಪ ಹತ್ತಿದ ಮೇಲೆ ಪಕ್ಕದ ಹುಡುಗ ಬಗ್ಗಿ ಕೇಳಿದ:
ತಾತ, ಆಗ ನೋಡಿದ್ರಾ? ಭಯ ಆಗಿತ್ತಾ?

ಭಯ ಆಮೇಲೆ, ದಾರಿಯಲ್ಲಿ.
ಟಾಕೀಸಿನೊಳಗೆ ಬರೀ ನಾಚಿಕೆ ಕಣಪ್ಪ.
ಊರಿಗೆ ಊರೇ ಉಸಿರು ಬಿಗಿಹಿಡಿದಿದ್ದಾಗ
ನಮ್ಮಜ್ಜಿ ಎದ್ದು ನಿಂತು ಕೂಗಿಬಿಟ್ಟಳು:
ನೋಡಿದಿರಾ, ನೋಡಿದಿರಾ,
ಬೋರ್ಡು ನೆಟ್ಟಗಿದೆ!